ಪಾಳಿಯ ಹಲಗೆ

ದಿನಾ ಬೆಳಿಗ್ಗೆ ಹೆದ್ವಿಗಾ ಗೋಪುರ ಹತ್ತಿ, ಕೊಡತಿ ಹಿಡಿದು, ತೂಗುಹಾಕಿದ ಮರದ ಹಲಗೆಯನ್ನು ಬಡಿಯುತ್ತಿದ್ದಳು. ಹಿಂದೆ ಆ ಸದ್ದಿಗೆ ಊರಿನ ಗಂಡಸರೆಲ್ಲ ಎದ್ದು ಬೆಳ್ಳಿಯ ಗಣಿಗೆ ಇಳಿಯುತ್ತಿದ್ದರು. ಗಣಿ ಮುಚ್ಚಿ ಎಷ್ಟೋ ಕಾಲವಾಯಿತು. ಈಗ ಆ ಸದ್ದಿಗೆ ಏಳುವವರು ಯಾರಿದ್ದಾರೆ? ಕೆಳಗೆ ನಿಂತು ಫೋನು ಎತ್ತಿ ಹಿಡಿಯುವ ಪ್ರವಾಸಿಗರು ಮಾತ್ರ. ಊರವರು ಹಾಗೆಂದೇ ತಿಳಿದಿದ್ದರು.

ಬಡಿತದಲ್ಲಿ ಎರಡು ಬಗೆ. ಚುರುಕಾದದ್ದು ಪಾಳಿಗೆ ಕರೆಯುವುದಕ್ಕೆ. ನಿಧಾನದ್ದು, ಗಣಿಯವನೊಬ್ಬ ಸತ್ತಾಗ ಅವನ ಪಾಳಿ ಮುಗಿಯಿತೆಂದು ಸಾರುವುದಕ್ಕೆ. ಮೂವತ್ತು ವರ್ಷದ ಹಿಂದೆ ಸುರಂಗ ಕುಸಿದು ಗಂಡ ವೆಂಡೆಲೀನ್ ಒಳಗೇ ಉಳಿದಾಗ ಹೆದ್ವಿಗಾ ಆ ನಿಧಾನದ ಬಡಿತಕ್ಕೆ ಅಡ್ಡ ಬಂದಳು. ಹೆಣ ಸಿಗದೆ ಸತ್ತನೆಂದು ಸಾರಲು ನೀವ್ಯಾರು ಎಂದು ಗೋಪುರದ ಬಾಗಿಲಲ್ಲೇ ನಿಂತುಬಿಟ್ಟಳು. ಪಾದ್ರಿ ಬಂದು ಹೇಳಿದರೂ ಜಗ್ಗಲಿಲ್ಲ. ಮಹಾ ಹಟಮಾರಿ ಹೆಂಗಸು. ಮುಂದೆ ಕೊಡತಿಯನ್ನೂ ತಾನೇ ವಹಿಸಿಕೊಂಡಳು.

ಜೂನ್ ತಿಂಗಳ ಒಂದು ಮಧ್ಯಾಹ್ನ, ಗಣಿ ನೋಡಿ ಬಂದ ಪ್ರವಾಸಿ ಹೆಂಗಸೊಬ್ಬಳು ಗೋಪುರದ ಕೆಳಗಿನ ಚಹಾದಂಗಡಿಯಲ್ಲಿ ಹೆದ್ವಿಗಾಳ ಎದುರು ಕೂತು, ಸುರಂಗದ ಕೊನೆಯಲ್ಲಿ ಗಣಿಯವನ ವೇಷ ಹಾಕಿ ನಿಂತ ತರುಣ ಬಹಳ ಚೆನ್ನಾಗಿ ನಟಿಸುತ್ತಾನೆಂದು ಹೊಗಳಿದಳು. ಕೋಟಿನ ಮೊಣಕೈಗೆ ಕೆಂಪು ದಾರದಲ್ಲಿ ತೇಪೆ ಬೇರೆ ಹಾಕಿದ್ದೀರಿ, ಎಷ್ಟು ಸಹಜ ಎಂದಳು.

ಹೆದ್ವಿಗಾಳ ಕೈಯ ಬಟ್ಟಲು ಅಲ್ಲೇ ನಿಂತಿತು. ಕರಿ ದಾರ ಮುಗಿದಿದೆಯೆಂದು ಗಂಡನ ಕೋಟಿಗೆ ಆ ತೇಪೆಯನ್ನು ಕೆಂಪಿನಲ್ಲಿ ಹೊಲಿದವಳು ಅವಳೇ.

ಗಣಿಯೊಳಗೆ ಜನರನ್ನು ಕರೆದೊಯ್ಯುವ ಗೇಜಾನನ್ನು ಹಿಡಿದು ಕೇಳಿದರೆ ಅವನು ಮುಖ ತಿರುಗಿಸಿದ.

"ಬೆಳಿಗ್ಗೆ ನೀವು ಹಲಗೆ ಬಡಿದ ಮೇಲೆ ಒಳಗೆ ಬೂಟಿನ ಸದ್ದು ಶುರುವಾಗುತ್ತೆ ಅಕ್ಕಾ. ಹೇಳಿದ್ರೆ ಎಲ್ಲಿ ಖುಷಿಪಡ್ತೀರೋ ಅಂತ ಸುಮ್ಮನಿದ್ದೆ."

ಅವಳಿಗೆ ಖುಷಿಯೇ ಆಯಿತು. ಸುಳ್ಳೇಕೆ ಹೇಳಬೇಕು? ಮರುದಿನ ಹಲಗೆ ಬಡಿದವಳೇ ತಲೆ ಬಾಚಿ, ಒಳ್ಳೆಯ ರವಿಕೆ ತೊಟ್ಟು, ದೀಪ ಹಿಡಿದು ಒಬ್ಬಳೇ ಸುರಂಗಕ್ಕೆ ಇಳಿದಳು.

ಕುಸಿದ ಕಲ್ಲುಗಳ ಮುಂದೆ ವೆಂಡೆಲೀನ್ ಸುತ್ತಿಗೆ ಎತ್ತಿ ಇಳಿಸುತ್ತಿದ್ದ. ಕಲ್ಲಿಗೆ ಪೆಟ್ಟು ಬೀಳುತ್ತಿತ್ತು, ಸದ್ದು ಮಾತ್ರ ಇರಲಿಲ್ಲ. ಅದೇ ಮೂವತ್ತರ ಮುಖ, ಆದರೆ ಕಣ್ಣಿನ ಕೆಳಗೆ ಎಂಥ ಆಯಾಸ! ಅವನು ತಿರುಗಿ ಅವಳ ನರೆಗೂದಲನ್ನು ನೋಡಿದ. ಗುರುತು ಹತ್ತಲಿಲ್ಲ.

"ಅಜ್ಜೀ, ಮೇಲೆ ಹೋಗ್ತೀರಲ್ಲ, ಒಂದು ಉಪಕಾರ ಮಾಡಿ," ಎಂದ. "ಯಾರೋ ಹಲಗೆ ಬಡೀತಾನೇ ಇದಾರೆ. ಕರೆದ ಮೇಲೆ ಕೆಲಸ ಮಾಡ್ದೆ ಇರೋ ಹಾಗಿಲ್ಲ. ಸಾಕು ನಿಲ್ಸಿ ಅಂತ ಹೇಳಿ. ಮನೇಲಿ ಹೆದ್ವಿಗಾ ಊಟ ಮಾಡ್ದೆ ಕಾಯ್ತಿರ್ತಾಳೆ."

ಅವಳು ನಾನೇ ಎನ್ನಲು ಬಾಯಿ ತೆರೆದಳು. ಆದರೆ ಹೇಳುತ್ತೇನೆ ಎಂಬಂತೆ ತಲೆಯಾಡಿಸಿ ಬಂದುಬಿಟ್ಟಳು.

ನಡುಮಧ್ಯಾಹ್ನದ ಬಿಸಿಲಲ್ಲಿ ಗೋಪುರದಿಂದ ನಿಧಾನದ ಬಡಿತ ಕೇಳಿತು. ಪ್ರವಾಸಿಗರು ಚಪ್ಪಾಳೆ ತಟ್ಟಿದರು. ಆದರೆ ಚೌಕದಲ್ಲಿದ್ದ ಮುದುಕರು ಒಬ್ಬೊಬ್ಬರಾಗಿ ಟೋಪಿ ತೆಗೆದರು. ಕಿಟಕಿಯೊಂದು ತೆರೆದು, ಯಾರು ಹೋದದ್ದು ಎಂದು ಯಾರೋ ಕೂಗಿ ಕೇಳಿದರು.

"ನಮ್ಮ ವೆಂಡೆಲೀನ್," ಎಂದಳು ಹೆದ್ವಿಗಾ. ಅವನು ಹೋದನೆಂಬ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು. ಕೊಡತಿ ಕೆಳಗಿಟ್ಟು, ಹಲಗೆಗೆ ಹಣೆ ಹಚ್ಚಿ, ಮನಸಾರೆ ಅತ್ತಳು.

ಸಂಜೆ ಮನೆಗೆ ಬಂದು ಬೀಗ ತೆಗೆದಳು. ಹೊಸ್ತಿಲ ಒಳಗೆ, ಒರೆಸಿಟ್ಟ ನೆಲದ ಮೇಲೆ, ಒದ್ದೆ ಕೆಸರಿನ ಬೂಟಿನ ಗುರುತುಗಳಿದ್ದವು. ಅಡುಗೆಮನೆಯ ಮೇಜಿನವರೆಗೆ ಹೋಗಿದ್ದವು, ವಾಪಸು ಬಂದಿರಲಿಲ್ಲ. ಅವಳು ಬಾಗಿಲು ಹಾಕಿಕೊಂಡು ಎಲೆಕೋಸಿನ ಸೂಪು ಬಿಸಿಗಿಟ್ಟಳು. ಎರಡು ತಟ್ಟೆ ತೆಗೆದಳು. ಕಣ್ಣೊರೆಸಿಕೊಂಡು, ಮೇಜಿನ ಕಡೆ ತಿರುಗದೆಯೇ ಗದರಿದಳು.

"ಬೂಟು ಬಾಗಿಲಲ್ಲೇ ಬಿಚ್ಚಿ ಅಂತ ಎಷ್ಟು ಸಲ ಹೇಳಿದೀನಿ ರೀ ನಿಮಗೆ."