ಮಂತ್ರಿಯನ್ನು ಹಿಡಿದ ಚಿತ್ರ

ಮೊಮ್ಮಗಳ ಚರಿತ್ರೆಯ ಪುಸ್ತಕದಲ್ಲಿ ಒಂದು ಚಿತ್ರವಿದೆ. ರಾಜದ್ರೋಹಿ ಮಂತ್ರಿಯನ್ನು ಸಿಪಾಯಿಗಳು ಹಿಡಿಯುತ್ತಿದ್ದಾರೆ. ಅವನು ಶತ್ರುದೇಶದಿಂದ ಬಂದ ಪತ್ರವನ್ನು ಒಲೆಗೆ ಎಸೆಯುತ್ತಿದ್ದಾನೆ. "ನೋಡಿ ಮಕ್ಕಳೇ, ದ್ರೋಹಿ ಮುಖ ಹೀಗಿರುತ್ತೆ" ಎಂದರಂತೆ ಮೇಷ್ಟ್ರು. ಮೂಗು, ಮೀಸೆ ಮಂತ್ರಿಯವೇ. ಆ ಕಳ್ಳಗಣ್ಣು, ಒಣಗಿದ ತುಟಿ ಮಾತ್ರ ನನ್ನ ಹಳೆಯ ಧಣಿಯವು. ಚಿತ್ರ ಕೆತ್ತಿದವನು ನಾನು. ಹೇಡಿಯ ಮುಖ ಬೇಕಾದಾಗ ಎದುರಿಗೆ ಅವನೇ ಕೂತಿದ್ದ.

ಧಣಿ ಒಂದು ವಾರಪತ್ರಿಕೆಯ ಮಾಲೀಕ. ಮಂತ್ರಿಯ ಮನೆ ನಮ್ಮ ಅಚ್ಚುಕೂಟದ ಎದುರಿಗೇ ಇತ್ತು. ಅವರ ಕಾಲ ನಡೆಯುತ್ತಿದ್ದಾಗ ಪ್ರತಿ ವಾರದ ಮೊದಲ ಪ್ರತಿಯನ್ನು ಇವನೇ ಹೊತ್ತುಕೊಂಡು ಹೋಗಿ, ಬಾಗಿಲಲ್ಲಿ ಹಲ್ಲು ಗಿಂಜಿ ಬರುತ್ತಿದ್ದ. ಗಾಳಿ ಬಂದ ಕಡೆ ತೂರಿಕೊಳ್ಳುವ ಆಸಾಮಿ. ಒಂದು ಬುಧವಾರ ಮಧ್ಯಾಹ್ನ ಬಂದು ನನ್ನ ಮೇಜಿನ ಮೇಲೆ ಹೊಸ ಮರದ ಹಲಗೆ ಇಟ್ಟ.

"ನಾಳೆ ಬೆಳಿಗ್ಗೆ ಎದುರುಮನೆಯವನನ್ನ ಹಿಡೀತಾರೆ. ಮಧ್ಯಾಹ್ನಕ್ಕೆ ಪತ್ರಿಕೆ ಬೀದೀಲಿರಬೇಕು. ಈಗಲೇ ಕೆತ್ತು."

"ಇನ್ನೂ ಆಗದೇ ಇರೋದನ್ನ ಹೇಗೆ ಕೆತ್ತಲಿ, ಧಣಿ?"

"ಆದಮೇಲೆ ಯಾರು ಬೇಕಾದ್ರೂ ಕೆತ್ತುತ್ತಾರೆ. ಒಂದು ಒಲೆ ಹಾಕು, ಒಂದು ಪತ್ರ ಹಾಕು. ಎಡಗೈಲಿ ಎಸೀಲಿ, ಮರೀಬೇಡ."

ಎಡಗೈ ಏಕೆಂದರೆ ಮಂತ್ರಿಯ ಬಲಗೈಗೆ ಲಕ್ವ ಹೊಡೆದು ನಾಲ್ಕು ವರ್ಷವಾಗಿತ್ತು. ಅದನ್ನು ಸದಾ ಕೋಟಿನ ಜೇಬಿನಲ್ಲಿಟ್ಟುಕೊಂಡೇ ಇರುತ್ತಿದ್ದರು. ಊರು ಅದನ್ನು ಗತ್ತು ಅಂದುಕೊಂಡಿತ್ತು. ದಿನಾ ನೋಡುವ ನಮಗೆ ನಿಜ ಗೊತ್ತಿತ್ತು.

ಮರದ ಅಚ್ಚಿನ ಕೆಲಸದಲ್ಲಿ ಎಲ್ಲವೂ ತಿರುವುಮುರುವು. ಮರದ ಮೇಲಿನ ಎಡ ಕಾಗದದ ಮೇಲೆ ಬಲವಾಗುತ್ತದೆ. ಅದಕ್ಕೇ ಚಿತ್ರವನ್ನು ಮೊದಲು ತೆಳುಕಾಗದದಲ್ಲಿ ಬರೆದು, ಮಗುಚಿ ಮರಕ್ಕೆ ಒತ್ತಿ, ಆಮೇಲೆ ಉಳಿ ಹಿಡಿಯಬೇಕು. ಇಪ್ಪತ್ತು ವರ್ಷದ ಕಸುಬುದಾರ ನಾನು, ಅವಸರಕ್ಕೆ ಬಿದ್ದು ನೇರವಾಗಿ ಮರದ ಮೇಲೆಯೇ ಬರೆದುಬಿಟ್ಟೆ.

ಮರುದಿನ ಬೆಳಿಗ್ಗೆ ಕಿಟಕಿಯಿಂದ ಎಲ್ಲ ನೋಡಿದೆ. ಮಂತ್ರಿ ವರಾಂಡದಲ್ಲಿ ಕ್ಷೌರಕ್ಕೆ ಕೂತಿದ್ದರು. ಒಂದು ಕೆನ್ನೆ ಮುಗಿದಿತ್ತು, ಇನ್ನೊಂದರ ಮೇಲೆ ಸೋಪಿನ ನೊರೆ. ಸಿಪಾಯಿಗಳು ಬಂದು ನಿಂತರು. "ಇದೊಂದು ಕೆನ್ನೆ ಆಗ್ಲಿ, ಬರ್ತೀನಿ" ಎಂದರು ಮಂತ್ರಿ. ನಾಲ್ವರೂ ತೆಪ್ಪಗೆ ಕಾದರು. ಒಬ್ಬನಂತೂ ಟವೆಲ್ಲು ಹಿಡಿದುಕೊಂಡಿದ್ದ. ಮುಖ ಒರೆಸಿಕೊಂಡು ಅವರು ಗಾಡಿ ಹತ್ತಿದರು. ಪತ್ರವೂ ಇಲ್ಲ, ಒಲೆಯೂ ಇಲ್ಲ. ಅಷ್ಟರಲ್ಲಿ ಕೆಳಗಡೆ ಯಂತ್ರ ಎರಡನ್ನೂ ಅಚ್ಚು ಹಾಕುತ್ತಿತ್ತು.

ಪ್ರತಿ ಕೈಗೆ ಬಂದಾಗ ನೋಡುತ್ತೇನೆ, ಪತ್ರ ಬಲಗೈಯಲ್ಲಿದೆ! ಧಣಿಗೆ ತೋರಿಸಿದೆ.

"ನಿನ್ನ ಕೈಗೆ ಬೆಂಕಿ ಹಾಕ! ಹೋಗ್ಲಿ ಬಿಡು, ಯಾರು ನೋಡ್ತಾರೆ?"

ನೋಡಬೇಕಾದವರೇ ನೋಡಿದರು. ಆ ನಾಲ್ವರು ಸಿಪಾಯಿಗಳು ನನ್ನ ಚಿತ್ರವನ್ನು ಮುಂದಿಟ್ಟುಕೊಂಡೇ ಸಾಕ್ಷಿ ಉರುಹೊಡೆದರು. ನ್ಯಾಯಾಲಯದಲ್ಲಿ ಒಬ್ಬೊಬ್ಬನಾಗಿ ಬಂದು "ಬಲಗೈಲಿ ಪತ್ರ ಎಸೆದ್ರು" ಎಂದು ಗಿಳಿಪಾಠ ಒಪ್ಪಿಸಿದರು. ಟವೆಲ್ಲು ಹಿಡಿದವನೂ ಒಪ್ಪಿಸಿದ. ಮಂತ್ರಿ ಎಡಗೈಯಿಂದ ತಮ್ಮ ಬಲಗೈಯನ್ನು ಜೇಬಿನಿಂದ ಎತ್ತಿ ಕಟಕಟೆಯ ಮೇಲೆ ಬಿಟ್ಟರು. ಒದ್ದೆ ಬಟ್ಟೆಯ ಹಾಗೆ ಬಿತ್ತು.

"ಈ ಕೈಲಾ?" ಎಂದರು.

ಜನ ಗೊಳ್ಳೆಂದು ನಕ್ಕರು. ನ್ಯಾಯಾಧೀಶರೂ ಬಾಯಿಗೆ ಕೈ ಅಡ್ಡ ಹಿಡಿದರು. ಮೊಕದ್ದಮೆ ಅಲ್ಲಿಗೇ ಬಿದ್ದುಹೋಗುವುದರಲ್ಲಿತ್ತು. ಆಗ ಸರ್ಕಾರಿ ವಕೀಲರು ಪತ್ರಿಕೆ ಎತ್ತಿ ಹಿಡಿದು, ಈ ಚಿತ್ರ ಕೆತ್ತಿದವನನ್ನು ಕರೆಯಿರಿ ಎಂದರು. ನಾನು ಏಳುವಾಗ ಧಣಿ ಕಿವಿಯ ಹತ್ತಿರ ಬಂದ.

"ಚಿತ್ರ ಸುಳ್ಳು ಅಂದ್ಯೋ, ಅವನ ಪಕ್ಕ ಇನ್ನೊಬ್ಬನಿಗೂ ಜಾಗ ಇದೆ, ನೋಡ್ಕೋ."

ಹಿಡಿಯುವ ಹಿಂದಿನ ದಿನವೇ ಕೆತ್ತಿದೆ ಎಂದಿದ್ದರೆ ಸಾಕಿತ್ತು, ಮಂತ್ರಿ ಮನೆಗೆ ಹೋಗುತ್ತಿದ್ದರು. ನಾನು ನ್ಯಾಯಾಧೀಶರಿಗೆ ಕೈ ಮುಗಿದೆ.

"ತಪ್ಪು ನಂದು ಸ್ವಾಮಿ. ಚಿತ್ರ ಮಗುಚೋದು ಮರೆತೆ. ಎಡಗೈ ಹೋಗಿ ಬಲಗೈ ಆಯ್ತು."

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಸಿಪಾಯಿಗಳಿಗೆ ಹೋದ ಜೀವ ಬಂತು. "ಹೌದೌದು, ಎಡಗೈ! ಚಿತ್ರ ನೋಡಿ ನಮಗೂ ಗೊಂದಲ ಆಯ್ತು" ಎಂದು ನಾಲ್ವರೂ ಕೂಗಿದರು. ನಾಚಿಕೆಗೆಟ್ಟವರು. ನ್ಯಾಯಾಧೀಶರು ಗಂಭೀರವಾಗಿ ಬರೆದುಕೊಂಡರು. ಮಂತ್ರಿ ಸಿಪಾಯಿಗಳನ್ನಾಗಲಿ ಧಣಿಯನ್ನಾಗಲಿ ನೋಡಲಿಲ್ಲ, ನನ್ನನ್ನು ನೋಡಿದರು.

"ಅದೊಂದು ತಪ್ಪನ್ನ ಹಾಗೇ ಬಿಡಬಹುದಿತ್ತಲ್ಲಯ್ಯಾ" ಎಂದರು.

ಆ ತಿಂಗಳೇ ಅವರನ್ನು ಗಲ್ಲಿಗೆ ಹಾಕಿದರು. ನನ್ನ ಹೆಂಡತಿ, "ಸುಳ್ಳು ಹೇಳಿ ಕೊಲ್ಲೋರನ್ನ ಕಂಡಿದೀನಿ, ನಿಜ ಹೇಳಿ ಕೊಂದೋರು ನೀವೇ" ಎಂದವಳು ವರ್ಷವಿಡೀ ನನ್ನ ಮುಖ ನೋಡಿ ಮಾತಾಡಲಿಲ್ಲ. ಧಣಿ ಮಾತ್ರ ಹೊಸ ಹಲಗೆ ಕೊಟ್ಟು ಸರಿಯಾಗಿ ಕೆತ್ತು ಎಂದ. ಈ ಸಲ ಕಾಗದ ಮಗುಚಿ ಕೆತ್ತಿದೆ. ಕಣ್ಣು, ತುಟಿ ಮತ್ತೆ ಅವನವೇ ಇಟ್ಟೆ. ನನ್ನ ಶೌರ್ಯ ಅಷ್ಟೇ. ಸಾಯುವವರೆಗೂ ಆ ಮೂಢನಿಗೆ ಅದು ಗೊತ್ತಾಗಲಿಲ್ಲ.

ಪುಸ್ತಕದಲ್ಲಿರುವುದು ಆ ಎರಡನೆಯ ಅಚ್ಚು. ಮೊಮ್ಮಗಳು ಅದನ್ನು ನನ್ನ ತೊಡೆಯ ಮೇಲೆ ಬಿಡಿಸಿಟ್ಟು, "ತಾತ, ಎಲ್ಲಾ ಸರಿಯಾಗಿ ಕೆತ್ತಿದೀಯಾ?" ಎಂದಳು.

ಕನ್ನಡಕ ಹಾಕಿಕೊಂಡು ಬೆರಳು ಬೆರಳೂ ನೋಡಿದೆ.

"ಒಂದೂ ತಪ್ಪಿಲ್ಲ ಮಗಳೇ" ಎಂದೆ.