ಹುಳುಮನೆಯಲ್ಲಿ ಸೇವಂತಿಗೆ

ದೀಪಾವಳಿ ಹತ್ತಿರ ಬಂದರೂ ಉಡಿಗಾಲ ಊರಿನ ಮೇಲೆ ಸೋನೆಮಳೆ ಬಿಟ್ಟಿರಲಿಲ್ಲ. ಗಿಡದಲ್ಲೇ ಬಿಟ್ಟರೆ ಸೇವಂತಿಗೆ ಮೊಗ್ಗು ಕೊಳೆಯುತ್ತದೆಂದು ಗಂಗಾಂಬಿಕೆ ಎಲ್ಲವನ್ನೂ ಕಡ್ಡಿ ಸಮೇತ ಕೊಯ್ದು, ನೀರು ತುಂಬಿದ ಗಡಿಗೆಗಳಲ್ಲಿ ನಿಲ್ಲಿಸಿ, ರಾಗಿ ಇಡುವ ತಣ್ಣನೆಯ ಕತ್ತಲೆ ಕೋಣೆಗೆ ಸೇರಿಸಿದ್ದಳು. ಮೊಗ್ಗು ಕೆಡಲಿಲ್ಲ, ನಿಜ. ಅರಳಲೂ ಇಲ್ಲ. ಹಬ್ಬದ ಹಿಂದಿನ ದಿನ ಗಾಡಿ ಚಾಮರಾಜನಗರದ ಪೇಟೆಗೆ ಹೊರಡಬೇಕು. ಈ ಸಲ ಹೂ ಮಾರದಿದ್ದರೆ ಹೂ ಹಾಕಿದ್ದ ತುಂಡು ನೆಲಕ್ಕೆ ಮತ್ತೆ ಹಿಪ್ಪುನೇರಳೆಯೇ ಎಂದು ಅತ್ತೆ ದೊಡ್ಡಮಲ್ಲಮ್ಮ ಮೊದಲೇ ಹೇಳಿಬಿಟ್ಟಿದ್ದರು.

ಗಂಡ ನೀಲಕಂಠಸ್ವಾಮಿ ಬಾಳೆಗೊನೆ ಹಣ್ಣು ಮಾಡುವುದರಲ್ಲಿ ಗಟ್ಟಿಗ. "ಹೊಗೆ ಆಕಿದ್ರೆ ಕಾಯೇ ಹಣ್ಣಾಯ್ತದೆ, ಮೊಗ್ಗು ಅರಳಾಕಿಲ್ವಾ?" ಎಂದು ಒಂದು ಗಡಿಗೆಯನ್ನು ಬಾಳೆಯ ಹೊಗೆಗುಂಡಿಗೆ ಇಳಿಸಿದ. ಮಾರನೆಯ ಬೆಳಗ್ಗೆ ತೆಗೆದರೆ ಮೊಗ್ಗುಗಳೆಲ್ಲ ಕತ್ತು ಬಗ್ಗಿಸಿಕೊಂಡು, ಬೀಡಿ ಸೇದಿದ ಮುದುಕರಂತೆ ನಾರುತ್ತಿದ್ದವು.

"ಹಣ್ಣಾಗವೆ, ತಿನ್ನಿ," ಎಂದಳು ಗಂಗಾಂಬಿಕೆ.

ಮೊಗ್ಗು ಅರಳಲು ಬಿಸುಪು ಬೇಕಿತ್ತು. ಮನೆಯಲ್ಲಿ ಬೆಚ್ಚಗಿದ್ದದ್ದು ರೇಷ್ಮೆ ಸಾಕುವ ಹುಳುಮನೆಯೊಂದೇ. ಅಲ್ಲಿ ಇದ್ದಲ ಒಲೆ ಆರುತ್ತಿರಲಿಲ್ಲ. ಆದರೆ ಹೂವಿನ ವಾಸನೆ ಹುಳುವಿಗಾಗದು ಎಂಬುದು ದೊಡ್ಡಮಲ್ಲಮ್ಮನವರ ನೇಮ. ಮುಡಿದ ಹೂವನ್ನು ಹೊಸ್ತಿಲಲ್ಲೇ ತೆಗೆದಿಟ್ಟು ಒಳಗೆ ಹೋಗಬೇಕು. ಊದುಬತ್ತಿಗೂ ಅಲ್ಲಿ ಜಾಗವಿಲ್ಲ.

"ಅತ್ತೆಮ್ಮ, ಗಡಿಗೆಗಳ ಒಂದ್ ಮೂಲೆಲಿ..."

"ಹುಳ ಮುನಿಸ್ಕಂಡ್ರೆ ನೀನು ಕುಂತು ನೂಲ್ ತೆಗ್ದೀಯಾ? ಓಗು."

ಸಂಜೆ ಲಿಂಗಪೂಜೆ ಮುಗಿಸಿ ದೊಡ್ಡಮಲ್ಲಮ್ಮ ಹುಳುಮನೆಗೆ ಹೋದರು. ಬಿದಿರಿನ ಚಂದ್ರಿಕೆ ತಟ್ಟೆಗಳ ತುಂಬ ಹುಳುಗಳು ಗೂಡು ಕಟ್ಟಿದ್ದವು. ಒಂದನ್ನು ಬಿಡಿಸಿ ಕಿವಿಯ ಹತ್ತಿರ ಅಲ್ಲಾಡಿಸಿದರು. ಒಳಗೆ ಕಾಳು ಉರುಳಿದ ಸದ್ದು. ಹುಳು ನೂತು ಮುಗಿಸಿ ಮಲಗಿತ್ತು. ಹೊಸ್ತಿಲಾಚೆ ಸೊಸೆ ನಿಂತಿದ್ದಳು.

"ಬಾಗ್ಲಾಕ್ಕಂಡ್ ಮಲಗವೆ ಕಣಮ್ಮಿ. ಬಾಗ್ಲಾಕ್ಕಂಡೋರ್ಗೆ ಬೀದಿ ವಾಸ್ನೆ ಏನ್ ಮಾಡದು? ತತ್ತಾ ನಿನ್ ಗಡಿಗೆಗಳ. ನೀರ್ಗೆ ಒಂಚೂರು ಬೆಲ್ಲ ಆಕು. ಬರೀ ನೀರ್ ಕುಡಿಸಿದ್ರೆ ಯಾರ್ ನಗ್ತಾರೆ?"

ಗಡಿಗೆಗಳು ಒಲೆಯ ಸುತ್ತ ನೆಂಟರಂತೆ ಕುಳಿತವು. ಮೊಗ್ಗು ಒಂದೊಂದೇ ಎಸಳು ಬಿಡಿಸಿತು. ಗಾಡಿ ಹೊರಡುವ ಬೆಳಗ್ಗೆ ನೋಡಿದರೆ ಮೇಲೆ ಗೂಡುಗಳ ಹಳದಿ, ಕೆಳಗೆ ಹೂಗಳ ಹಳದಿ.

ಮೊದಲ ಹೂ ಲಿಂಗಕ್ಕೆ ಏರಿತು. ಎರಡನೆಯದನ್ನು ಮುಡಿದು ಗಂಗಾಂಬಿಕೆ ಗಡಿಗೆ ಎತ್ತಲು ಬಂದಳು. ಹೊಸ್ತಿಲಲ್ಲಿ ಅತ್ತೆಯ ಕೈ ಅವಳ ಜಡೆಯಿಂದ ಹೂವನ್ನು ಪಟ್ಟನೆ ಕಿತ್ತುಕೊಂಡಿತು. ಆಮೇಲೆ ದೊಡ್ಡಮಲ್ಲಮ್ಮ ಕೈಯಲ್ಲಿದ್ದ ಒಂದು ಹೂವನ್ನೂ ಒಳಗಿದ್ದ ಅಷ್ಟೂ ಹೂವನ್ನೂ ನೋಡಿ ನಕ್ಕುಬಿಟ್ಟರು.

"ನೋಡು, ಕೈ ಅದರ ಪಾಡ್ಗೆ ಓಯ್ತದೆ," ಎಂದು ಮತ್ತೆ ಮುಡಿಸಿದರು. "ಬರೋ ವರ್ಸ ಇನ್ನೊಂದ್ ಸಾಲು ಜಾಸ್ತಿ ನೆಡು. ನಿನ್ ಗಂಡನ್ನ ಮಾತ್ರ ಹತ್ರ ಸೇರಿಸ್ಬ್ಯಾಡ."