ಸಣ್ಣಾಕಿ

ಸಂಖದಲ್ಲಿ ಎಸ್.ಟಿ. ಬಸ್ಸು ನಿಂತಾಗ ಮಲಕವ್ವ ಎಲ್ಲರಿಗಿಂತ ಮೊದಲು ಇಳಿದಳು. ಇಳಿದವಳೇ ಆಚೆ ಈಚೆ ನೋಡದೆ ಮಠದ ಹಿಂದಿನ ಧರ್ಮಶಾಲೆಯ ದಾರಿ ಹಿಡಿದಳು. ತಿಕೋಂಡಿಯಿಂದ ಬರುವಾಗ ಗಾಡಿಯಲ್ಲಿ ಕೂತು ಕಲಿತುಕೊಂಡ ಮಾತನ್ನೇ ಬಾಯೊಳಗೆ ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದಳು. ‘ತಪ್ಪಾತ್ರಿ ಬಾಯಾರ. ನಮ್ಮ ಅಕ್ಕನ್ನ ಕಳಿಸಿಕೊಡ್ರಿ. ಸಂಜಿ ಗಾಡಿಗೆ ಕರಕೊಂಡು ಹೋಗತೀನಿ.’

ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ಯಮನವ್ವ ಅವಳ ಸವತಿ. ಮೊದಲ ಹೆಂಡತಿಗೆ ಮಕ್ಕಳಾಗಲಿಲ್ಲವೆಂದು ಕುರಿಯವರ ಅಮೋಗಸಿದ್ದ ಇವಳನ್ನು ಮಾಡಿಕೊಂಡಿದ್ದ. ಆಗ ಮಲಕವ್ವ ಇನ್ನೂ ಪರಕಾರ ಲಂಗ ಉಡುವ ಹುಡುಗಿ, ಯಮನವ್ವ ಮೂವತ್ತು ದಾಟಿದ ಹೆಂಗಸು. ಯಮನವ್ವ ಬೇಡ ಅನ್ನಲಿಲ್ಲ, ಹೂಂ ಅನ್ನಲೂ ಇಲ್ಲ. ಬಂದ ದಿನದಿಂದ ಇವಳನ್ನು ‘ಸಣ್ಣಾಕಿ’ ಎಂದಳು. ಸಣ್ಣಾಕಿ, ನೀರು ತಾ. ಸಣ್ಣಾಕಿ, ಕೂಸು ಅಳತೈತಿ. ಒಮ್ಮೆಯೂ ಹೆಸರು ಹಿಡಿದು ಕರೆದದ್ದಿಲ್ಲ. ಇಬ್ಬರ ನಡುವೆ ಜಗಳವೆಂಬುದು ಇರಲಿಲ್ಲ, ಪ್ರೀತಿಯ ಮಾತೂ ಇರಲಿಲ್ಲ. ಹಟ್ಟಿಯ ಕೆಲಸ ದೊಡ್ಡವಳದು, ಒಲೆ ಮತ್ತು ಮಗು ಸಣ್ಣವಳದು. ಹಾಗೇ ಒಂದು ಆಯುಷ್ಯವೇ ಕಳೆದಿತ್ತು.

ಅಮೋಗಸಿದ್ದ ತೀರಿಕೊಂಡ ಮೇಲೆ ಯಮನವ್ವನಿಗೆ ಅರಳುಮರಳು ಶುರುವಾಯಿತು. ಮೊದಮೊದಲು ಉಂಡ ಕೈ ಒಣಗುವ ಮುಂಚೆಯೇ ‘ನನಗ ಊಟಕ್ಕ ಕೊಟ್ಟಿಲ್ಲ’ ಅನ್ನುತ್ತಿದ್ದಳು. ಆಮೇಲೆ ನಡುಮಧ್ಯಾಹ್ನ ಹಟ್ಟಿಯ ಮುಳ್ಳು ಸರಿಸಿ ಮರಿಗಳನ್ನು ಹೊರಗೆ ಬಿಡುವುದು, ಒಲೆಯಿಂದ ಉರಿಯುವ ಕೊಳ್ಳಿ ತೆಗೆದು ಬಣವೆಯ ಕಡೆ ನಡೆಯುವುದು. ಕೊನೆಗೆ ಒಂದೇ ಹಠ ಹಿಡಿದಳು: ‘ನಾ ಮನಿಗೆ ಹೋಗತೀನಿ.’

“ಇದ ಮನಿ ಅಕ್ಕಾ. ಎಲ್ಲಿಗೆ ಹೋಗ್ತಿ?” ಎಂದು ಮಲಕವ್ವ ಅಡ್ಡ ನಿಂತರೆ, “ನೀ ಯಾರ ನನ್ನ ತಡ್ಯಾಕ?” ಎಂದು ಕೈಗೆ ಸಿಕ್ಕಿದ್ದನ್ನು ಎತ್ತುತ್ತಿದ್ದಳು.

ಊರ ಹೊರಗೆ ಕಟ್ಟೆಯಿಲ್ಲದ ಬಾವಿಗಳು. ಆ ಅಂಜಿಕೆಗೆ ಮಲಕವ್ವ ಮಲಗುವಾಗ ತನ್ನ ಸೆರಗನ್ನು ಯಮನವ್ವನ ಸೆರಗಿಗೆ ಗಂಟು ಹಾಕುತ್ತಿದ್ದಳು. ಅವಳು ಎದ್ದರೆ ಇವಳಿಗೆ ಎಚ್ಚರವಾಗಬೇಕು. ಯಮನವ್ವ ರಾತ್ರಿಗೆ ಎಷ್ಟು ಸಲ ಏಳುತ್ತಿದ್ದಳೆಂದು ಲೆಕ್ಕವಿರಲಿಲ್ಲ. ವರ್ಷಗಟ್ಟಲೆ ಹೀಗೇ ನಡೆದು, ಒಂದು ದಿನ ಮಲಕವ್ವ ರೊಟ್ಟಿ ಬಡಿಯುತ್ತ ಕೂತಲ್ಲೇ ತೂಕಡಿಸಿ ಸೀರೆಯ ಅಂಚಿಗೆ ಬೆಂಕಿ ತಗಲಿಸಿಕೊಂಡಳು. ಕುರಿ ಹೊಡೆದುಕೊಂಡು ಹೋಗಿದ್ದ ಮಗ ಬೀರದೇವ ದೀಪಾವಳಿಗೆ ಊರಿಗೆ ಬಂದವನು ತಾಯಿಯ ಕಾಲಿನ ಬೊಕ್ಕೆ ನೋಡಿದ.

“ಹಿಂಗಾದ್ರ ದೊಡ್ಡವ್ವನಕಿಂತ ಮೊದಲ ನೀ ಹೋಗ್ತಿ, ಅವ್ವಾ,” ಎಂದ.

ಸಂಖದ ಧರ್ಮಶಾಲೆಯಲ್ಲಿ ಇಂಥವರನ್ನು ಇಟ್ಟುಕೊಳ್ಳುತ್ತಾರೆಂದು ಅವನೇ ವಿಚಾರಿಸಿ ಬಂದಿದ್ದ. ಅವನೇ ಇಬ್ಬರನ್ನೂ ಗಾಡಿ ಹತ್ತಿಸಿಕೊಂಡು ಬಂದ. ಬಿಟ್ಟು ತಿರುಗಿದಾಗ ಯಮನವ್ವ ಇವರ ಕಡೆ ನೋಡಲೇ ಇಲ್ಲ. ಅಂಗಳದ ಬೇವಿನ ಮರವನ್ನು ನೋಡುತ್ತ ನಿಂತಿದ್ದಳು. ಮಲಕವ್ವನಿಗೆ ಆಮೇಲೆ ಬಂದು ಹೋಗುವ ಧೈರ್ಯವಾಗಿರಲಿಲ್ಲ. ಮನೆಯಲ್ಲಿ ಬಿಡುವೇನೋ ಇತ್ತು, ಆದರೆ ಮಲಗಿದರೆ ಕೈ ತಾನಾಗಿ ಪಕ್ಕದಲ್ಲಿ ಸೆರಗಿನ ಗಂಟು ಹುಡುಕುತ್ತಿತ್ತು.

ನಿನ್ನೆ ಗಿರಣಿಯಲ್ಲಿ ಹಿಟ್ಟು ಬೀಸಿಸಲು ನಿಂತಾಗ ನೆರೆಮನೆಯ ಗುರವ್ವ ಎಲ್ಲರಿಗೂ ಕೇಳುವಂತೆ ಹೇಳಿದಳು: “ಮೊದಲ ಅಕಿ ಗಂಡನ್ನ ಕಸಗೊಂಡ್ಳು. ಈಗ ಮನೀನೂ ಕಸಗೊಂಡ್ಳು. ಇದ್ದಾಗ ಕಟ್ಟಿ ಹಾಕತಿದ್ಳು, ನಾ ಕಣ್ಣಿಲೆ ಕಂಡೀನಿ.” ಗಿರಣಿಯ ಪಟ್ಟಿ ಓಡುವ ಸದ್ದಿನಲ್ಲೂ ಆ ಮಾತು ಯಾರಿಗೂ ತಪ್ಪಲಿಲ್ಲ. ಮಲಕವ್ವ ಹಿಟ್ಟಿನ ಬುಟ್ಟಿ ಹೊತ್ತು ಮನೆಗೆ ಬಂದಳು. ಬೆಳಗಾಗುತ್ತಲೇ ಗಾಡಿ ಹತ್ತಿದಳು.

ಧರ್ಮಶಾಲೆಯ ಬಾಗಿಲಲ್ಲಿ ಗಾಂಧಿ ಟೊಪ್ಪಿಗೆಯ ಮುದುಕನೊಬ್ಬ ಮಣೆಯ ಮೇಲೆ ಕೂತಿದ್ದ. ಮಲಕವ್ವನನ್ನು ಕಂಡದ್ದೇ ತಡ, “ಬರ್ರಿ ಬಾಯಾರ, ಕುಂದ್ರಿ. ಇಳಕಲ್ಲ ಸೀರಿ ಬಂದಾವ. ಎಂಥಾದ್ದು ತೋರಸಲಿ?” ಎಂದು ಬರಿಗೈಯಲ್ಲೇ ಸೀರೆ ಬಿಚ್ಚಿ ಹರವಿದ. ಮಲಕವ್ವ ಬಾಗಿಲಲ್ಲೇ ನಿಂತಳು.

“ಅಣ್ಣಾರಾಯರ, ಈ ಬಾಯಾರು ದೂರದಿಂದ ಬಂದಾರ. ನೀರು ಕುಡದು ಆಮ್ಯಾಲ ನೋಡತಾರ,” ಎನ್ನುತ್ತ ಒಳಗಿನಿಂದ ಸಿದ್ದಲಿಂಗವ್ವ ಬಂದಳು. ಮಿರಜದ ದವಾಖಾನೆಯೊಂದರಲ್ಲಿ ರೋಗಿಗಳ ಸೇವೆ ಮಾಡಿ ಮುಪ್ಪಿಗೆ ಊರು ಸೇರಿದವಳು. ಕಟ್ಟಡ ಮತ್ತು ಜೋಳ ಮಠದ್ದು, ಉಳಿದದ್ದೆಲ್ಲ ಅವಳದೇ. ಮುದುಕ ಒಪ್ಪಿ ತಲೆಯಾಡಿಸಿ, ಕಾಣದ ಸೀರೆಯನ್ನು ಮಡಚಿ ಇಟ್ಟ.

ಮಲಕವ್ವ ಕಲಿತು ತಂದ ಮಾತನ್ನು ಒಂದೇ ಉಸಿರಿಗೆ ಹೇಳಿದಳು. ಸಿದ್ದಲಿಂಗವ್ವ ನೀರಿನ ತಂಬಿಗೆ ಕೊಟ್ಟಳು.

“ಕರಕೊಂಡು ಹೋಗ್ರಿ, ಯಾರ ಬ್ಯಾಡ ಅಂತಾರ? ಮೊದಲ ಭೆಟ್ಟಿ ಆಗ್ರಿ.”

“ಸಂಜಿ ಆದ್ರ ಮನಿಗೆ ಹೋಗತೀನಿ ಅಂತ ಗದ್ಲಾ ಮಾಡತಿರಬೇಕಲ್ರಿ?”

“ಮಾಡತಾರ. ‘ನಡ್ರಿ ಹೋಗೂಣು’ ಅಂತ ಕೈ ಹಿಡಕೊಂಡು ಅಂಗಳ ಸುತ್ತ ತಿರಗತೀವಿ. ತಿರಗಿ ತಿರಗಿ ಕಾಲ ಸೋತ ಮ್ಯಾಲ ತಮ್ಮ ಕ್ವಾಣಿಗೇ ಬಂದು ‘ಬಂತು ಮನಿ’ ಅಂತ ಕುಂದರತಾರ.”

ಮಲಕವ್ವ ತಂಬಿಗೆಯನ್ನು ಕೆಳಗಿಟ್ಟಳು. “ನಾ ‘ಇದ ಮನಿ, ಇದ ಮನಿ’ ಅಂತ ದಿನಾ ಜಗಳಾಡತಿದ್ನಿ.”

“ನೀವು ಒಬ್ಬರ ಇದ್ರಿ. ಇಲ್ಲಿ ನಾವು ಪಾಳಿ ಮ್ಯಾಲ ಇರತೀವಿ, ಒಬ್ಬಾಕಿ ದಣದ್ರ ಇನ್ನೊಬ್ಬಾಕಿ,” ಎಂದಳು ಸಿದ್ದಲಿಂಗವ್ವ. “ನನಗೂ ಒಬ್ಬಾಕಿಗೇ ಈ ಕೆಲಸ ಹಚ್ಚಿದ್ರ ನಾಕ ದಿನದಾಗ ನಾನೂ ಜಗಳಾಡತಿದ್ನಿ.”

ಬೀದಿಯ ಕಡೆಯ ಬಾಗಿಲಿನ ಮೇಲೆ ಒಳಗಿನಿಂದ ಕರಿಯ ಕಂಬಳಿ ಇಳಿಬಿಟ್ಟಿತ್ತು. ಕೀಲಿ ಹಾಕಿದರೆ ಬಾಗಿಲು ಬಡಿಯುತ್ತಾರೆ, ಕಂಬಳಿ ಇದ್ದರೆ ಗೋಡೆ ಎಂದುಕೊಂಡು ತಿರುಗುತ್ತಾರೆ ಎನ್ನುತ್ತ ಸಿದ್ದಲಿಂಗವ್ವ ಅದನ್ನು ಸರಿಸಿ ಒಳಗೆ ಕರೆದಳು. ಪಡಸಾಲೆಯಲ್ಲಿ ರೇಡಿಯೋ ಸಣ್ಣಗೆ ಮರಾಠಿಯಲ್ಲಿ ಏನೋ ಹೇಳುತ್ತಿತ್ತು. ಒಬ್ಬ ಮುದುಕಿಗೆ ಹೆಂಗಸೊಬ್ಬಳು ಹಾಲಿನಲ್ಲಿ ನೆನೆಸಿದ ರೊಟ್ಟಿಯನ್ನು ಉಣ್ಣಿಸುತ್ತಿದ್ದಳು. ಒಂದು ತುತ್ತು ನುಂಗುವವರೆಗೂ ಇನ್ನೊಂದು ತುತ್ತನ್ನು ತೋರಿಸುತ್ತಿರಲಿಲ್ಲ.

“ನಾ ಯಾರು ಅಂತ ಹೇಳಲಿ?” ಮಲಕವ್ವ ಪಿಸುಗುಟ್ಟಿದಳು.

“ಅವರು ಏನ ಅಂತಾರ ಅದ ಆಗ್ರಿ.”

ಯಮನವ್ವ ಮೂಲೆಯಲ್ಲಿ ಕಂಬಳಿಯ ಮೇಲೆ ಕಾಲು ಚಾಚಿ ಕೂತು ಉಣ್ಣೆ ಹಿಂಜುತ್ತಿದ್ದಳು. ಮುಖ ತುಂಬಿಕೊಂಡಿತ್ತು. ಬೈತಲೆ ತೆಗೆದು ಎಣ್ಣೆ ಹಚ್ಚಿದ ತಲೆ. ಮನೆಯಲ್ಲಿ ಮೈಮೇಲೆ ನೀರು ಬಿದ್ದರೆ ಊರು ಕೂಡುವಂತೆ ಕೂಗುತ್ತಿದ್ದವಳು ಇವಳೇ ಏನು ಎಂದು ಮಲಕವ್ವ ನಿಂತು ನೋಡಿದಳು. ಯಮನವ್ವ ತಲೆ ಎತ್ತಿದಳು. ಗುರುತು ಹಿಡಿದ ಕಣ್ಣಲ್ಲ ಅದು. ಆದರೆ ಸಿಟ್ಟಿನ ಕಣ್ಣೂ ಅಲ್ಲ.

“ಹೊಸಾಕಿ ಏನ?” ಎಂದಳು.

ಮಲಕವ್ವ ಹೂಂ ಅಂದಳು.

“ಬಾ, ಕುಂದ್ರು.” ಯಮನವ್ವ ಉಣ್ಣೆಯನ್ನು ಒತ್ತಟ್ಟಿಗೆ ಸರಿಸಿ ಜಾಗ ಮಾಡಿದಳು. “ಯಾವೂರು?”

“ತಿಕೋಂಡಿ.”

“ನಂದೂ ಅದ ಊರು. ಯಾರ ಪೈಕಿ?”

“ಕುರಿಯವರ ಪೈಕಿ.”

“ಹಂಗಾದ್ರ ನಮ್ಮ ಅಮೋಗಸಿದ್ದ ನಿನಗ ಗೊತ್ತಿರಬೇಕು. ನನ್ನ ಗಂಡ.”

ಮಲಕವ್ವ ಬೆಚ್ಚಿದಳು. ಬಾಳಿ ಬದುಕಿದ ಅಷ್ಟೂ ವರ್ಷ ಆ ಹೆಸರು ಇಬ್ಬರ ಬಾಯಲ್ಲೂ ಬಂದಿರಲಿಲ್ಲ. ಜೋಗುಳ ಹಾಡುವಾಗಲೂ ಅದನ್ನು ತಪ್ಪಿಸಿಯೇ ಹಾಡುತ್ತಿದ್ದರು. ಇಲ್ಲಿ ಯಮನವ್ವ ಅದನ್ನು ಯಾರದೋ ಎತ್ತಿನ ಹೆಸರಿನಂತೆ ಹಗುರಾಗಿ ಹೇಳಿಬಿಟ್ಟಿದ್ದಳು. ಮಲಕವ್ವನಿಗೆ ನಗು ಬಂತು. ಸೆರಗು ಬಾಯಿಗೆ ಒತ್ತಿಕೊಂಡಳು.

“ಯಾಕ ಅಳತಿ? ಅಂಜಬ್ಯಾಡ,” ಎಂದಳು ಯಮನವ್ವ. “ಇಲ್ಲಿ ಬಡ್ಯಾಂಗಿಲ್ಲ. ಹೊತ್ತಿಗೆ ಸರಿಯಾಗಿ ರೊಟ್ಟಿ ಕೊಡತಾರ. ನಿನ್ನ ಯಾರ ಬಿಟ್ಟು ಹೋದ್ರು?”

“ಯಾರೂ ಬಿಟ್ಟಿಲ್ಲ. ನಾನ ಬಂದೀನಿ.”

“ಮೊದಲ ಎಲ್ಲಾರೂ ಹಂಗ ಅಂತಾರ.”

ಸ್ವಲ್ಪ ಹೊತ್ತು ಇಬ್ಬರೂ ಉಣ್ಣೆ ಹಿಂಜಿದರು. ಮಲಕವ್ವ ಕಾಲಿಗೆ ಅಂಟಿದ ಎಳೆಗಳನ್ನು ಬಿಡಿಸುತ್ತ, ತಲೆ ಎತ್ತದೆ ಕೇಳಿದಳು.

“ನಿಮ್ಮ ಮನ್ಯಾಗ ಯಾರ ಅದಾರ?”

“ಸಣ್ಣಾಕಿ ಅದಾಳ. ನನ್ನ ಮ್ಯಾಲ ಮಾಡಿಕೊಂಡಾಕಿ.”

“ಹೆಂಗ ಅದಾಳ ಅಕಿ?”

ಯಮನವ್ವ ಕೈ ನಿಲ್ಲಿಸಿ ಯೋಚಿಸಿದಳು. “ಸಾರಿಗೆ ಉಪ್ಪ ಭಾಳ ಹಾಕತಾಳ,” ಎಂದಳು. ಮತ್ತೆ ಉಣ್ಣೆ ಎತ್ತಿಕೊಂಡಳು. “ಎಷ್ಟ ಹೇಳಿದ್ರೂ ಕೈ ಹಿಡಿತ ಇಲ್ಲ.”

ಗಿರಣಿಯ ಮಾತು ಮಲಕವ್ವನ ಕಿವಿಯಲ್ಲಿ ಇನ್ನೂ ಇತ್ತು. ಕೇಳಬಾರದೆಂದುಕೊಂಡರೂ ಬಾಯಿ ಕೇಳಿಬಿಟ್ಟಿತು.

“ಅಕಿನ ತಂದು ನಿನ್ನ ಇಲ್ಲಿ ಬಿಟ್ಟಳೇನು?”

“ಬಿಟ್ಟಳು.”

“ಹಂಗ ಬಿಡಬಾರದಿತ್ತು.”

“ಬಿಡದ ಏನ ಮಾಡ್ಯಾಳ?” ಯಮನವ್ವ ಇವಳ ಕಡೆ ತಿರುಗಿದಳು. ಹೊಸಬಳಿಗೆ ಲೋಕರೂಢಿ ತಿಳಿಯದೆಂಬಂತೆ ತಾಳ್ಮೆಯಿಂದ ಹೇಳಿದಳು. “ಅಕಿಗೂ ನಿದ್ದಿ ಬೇಕಲ್ಲ. ಎಷ್ಟಂತ ಎದ್ದ ಕುಂದರತಾಳ ಅಕಿ. ಸಣ್ಣ ಹುಡುಗಿ.”

ಮಲಕವ್ವನ ಎದೆಯೊಳಗೆ ಎಷ್ಟೋ ಕಾಲದಿಂದ ಬಿಗಿದುಕೊಂಡಿದ್ದ ಏನೋ ಒಂದು ಸಡಿಲಾಗಿ, ಅದರ ಜೊತೆಗೇ ಕೈಕಾಲೂ ಸಡಿಲಾದವು. ಉಣ್ಣೆ ಕೈಯಿಂದ ಜಾರಿತು. ಗೋಡೆಗೆ ಒರಗಿದಳು. ಯಮನವ್ವ ಇನ್ನೂ ಏನೋ ಹೇಳುತ್ತಿದ್ದಳು, ಯಾವುದೋ ಕುರಿಗೆ ಅವಳಿ ಮರಿ ಹುಟ್ಟಿದ ಸುದ್ದಿ. ಮಾತು ದೂರ ದೂರ ಹೋಯಿತು.

ಎಚ್ಚರವಾದಾಗ ಬಿಸಿಲು ಅಂಗಳದಿಂದ ಮಾಡಿನ ಮೇಲೇರಿತ್ತು. ಮೈಮೇಲೆ ಯಾರೋ ಕಂಬಳಿ ಹೊದಿಸಿದ್ದರು. ಒಂದು ಗಳಿಗೆ ಮಲಕವ್ವನಿಗೆ ತಾನೆಲ್ಲಿದ್ದೇನೆಂದೇ ತಿಳಿಯಲಿಲ್ಲ, ತಿಳಿಯಬೇಕೆಂದೂ ಅನ್ನಿಸಲಿಲ್ಲ. ಆಮೇಲೆ ಗಾಬರಿಯಿಂದ ಎದ್ದು ಕೂರಲು ಹೋದಳು. ಸಿದ್ದಲಿಂಗವ್ವ ಕಂದೀಲಿನ ಗಾಜು ಒರೆಸುತ್ತ ಕಂಬದ ಹತ್ತಿರ ಕೂತಿದ್ದಳು.

“ಗಾಡಿ ಹೋತು,” ಎಂದಳು. “ಎಬ್ಬಸಾಕ ಬಂದಿದ್ನಿ. ನಿಮ್ಮ ಅಕ್ಕ ಬಿಡಲಿಲ್ಲ. ‘ದಣದ ಮಲಗ್ಯಾಳ, ಮುಟ್ಟಬ್ಯಾಡ’ ಅಂತ ನನ್ನ ಕೈಗೆ ಹೊಡದ್ರು.”

ಮಲಕವ್ವ ನಾಚಿಕೊಂಡಳು. “ಎಂದೂ ಹಿಂಗ ಮಲಗಿದಾಕಿ ಅಲ್ರಿ ನಾ.”

“ಮುಂಜಾನಿ ಗಾಡಿಗೆ ಹೋಗ್ರಿ. ಅವರನ್ನ ಕರಕೊಂಡು ಹೋಗೂದು...” ಸಿದ್ದಲಿಂಗವ್ವ ಗಾಜನ್ನು ಬೆಳಕಿಗೆ ಹಿಡಿದು ನೋಡಿದಳು.

ಮಲಕವ್ವ ಪಕ್ಕಕ್ಕೆ ನೋಡಿದಳು. ಯಮನವ್ವ ಅಲ್ಲೇ ಕೂತಿದ್ದಳು.

“ಇಲ್ಲೇ ಇರಲಿರಿ,” ಎಂದಳು ಮಲಕವ್ವ. ಗುರವ್ವ ಏನೆನ್ನುತ್ತಾಳೆಂದು ನೆನಪಾಯಿತು. ಅಂದರೆ ಅನ್ನಲಿ. “ನಾ ಸಂತಿಗೊಮ್ಮೆ ಬರತೀನಿ. ಅಡಗಿ ಮನ್ಯಾಗ ಏನರ ಕೆಲಸ ಇದ್ರ ಅವತ್ತ ಮಾಡಿ ಕೊಡತೀನಿ.”

“ಬರ್ರಿ. ಉಪ್ಪ ಮಾತ್ರ ನಾ ಹಾಕತೀನಿ,” ಎಂದಳು ಸಿದ್ದಲಿಂಗವ್ವ. ಮಲಕವ್ವ ಅವಳ ಮುಖ ನೋಡಿದಳು. ಇಬ್ಬರೂ ನಕ್ಕರು.

“ಅಲಗಾಡಬ್ಯಾಡ,” ಎಂದು ಯಮನವ್ವ ಗದರಿದಳು. ಮಲಕವ್ವನ ತುರುಬು ಯಾವಾಗಲೋ ಬಿಚ್ಚಿಹೋಗಿತ್ತು. “ತಲಿ ತುಂಬ ಹೇನ ಆಗ್ಯಾವ. ಯಾರೂ ನೋಡೂವರ ಇಲ್ಲೇನ ನಿನಗ?” ಭುಜ ಹಿಡಿದು ಜಗ್ಗಿ, ತಲೆಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

ಮಲಕವ್ವನ ಕೂದಲು ಅರ್ಧಕ್ಕರ್ಧ ಬೆಳ್ಳಗಾಗಿತ್ತು. ಹೇನು ಇರಲಿಲ್ಲ. ಅವಳು ಅದನ್ನು ಹೇಳಲಿಲ್ಲ. ಕಣ್ಣು ಮುಚ್ಚಿ ಹಾಗೇ ಮಲಗಿದಳು. ಯಮನವ್ವನ ಒರಟು ಬೆರಳುಗಳು ಕೂದಲನ್ನು ಎಳೆ ಎಳೆಯಾಗಿ ಸರಿಸುತ್ತ ನೆತ್ತಿಯಿಂದ ಕಿವಿಯ ಹಿಂದಕ್ಕೆ, ಕಿವಿಯ ಹಿಂದಿನಿಂದ ಹೆಡಕಿಗೆ ಇಳಿದವು. ನಡುನಡುವೆ ಯಮನವ್ವ ಕೈ ನಿಲ್ಲಿಸಿ, ಎರಡು ಹೆಬ್ಬೆರಳ ಉಗುರು ಜೋಡಿಸಿ ಒತ್ತಿ, ‘ಉಸ್’ ಎಂದು, ಮತ್ತೆ ಮೊದಲಿನಿಂದ ಹುಡುಕತೊಡಗುತ್ತಿದ್ದಳು.